ಗೋರಿ ಸಿಗದವರ ಕಥೆ ಬರೆದ ಲೋಟಿ

ಕಡಲಿಗಿಳಿದ ದೋಣಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ದಡದಲ್ಲಿ ನಿಂತ ಹೆಂಗಸರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅನ್ನೋದನ್ನು ಕರಾವಳಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಈ ಸಂಕಟವನ್ನೇ ಕಾದಂಬರಿ ಮಾಡಿ ಹೆಸರಾದವನು ಫ್ರಾನ್ಸಿನ ಪಿಯೇರ್ ಲೋಟಿ.

ನಿಜ ಹೆಸರು ಜೂಲಿಯನ್ ವಿಯೋ. ಹುಟ್ಟಿದ್ದು 1850ರಲ್ಲಿ, ರೋಶ್‌ಫೋರ್ ಎಂಬ ಬಂದರು ಊರಿನಲ್ಲಿ. ಅಣ್ಣ ಗುಸ್ತಾವ್ ನೌಕಾಪಡೆಯಲ್ಲಿ ಡಾಕ್ಟರು. ದೂರದೇಶದ ನೌಕರಿಯಲ್ಲಿ ಕಾಯಿಲೆ ಬಿದ್ದು ಊರಿಗೆ ವಾಪಸಾಗುತ್ತಿದ್ದಾಗ, 1865ರಲ್ಲಿ ನಮ್ಮ ಬಂಗಾಳ ಕೊಲ್ಲಿಯಲ್ಲೇ ತೀರಿಕೊಂಡ. ಹೆಣವನ್ನು ಕಡಲಿಗೇ ಬಿಟ್ಟರು. ಹೂವಿಡಲು ಮನೆಯವರಿಗೆ ಒಂದು ಗೋರಿಯೂ ಸಿಗಲಿಲ್ಲ.

ಇಷ್ಟಾದರೂ ತಮ್ಮ 1867ರಲ್ಲಿ ಅದೇ ನೌಕಾಪಡೆಗೆ ಸೇರಿಕೊಂಡ. ಹಡಗಿನಲ್ಲಿ ಬ್ರಿಟನಿ ಸೀಮೆಯ ಬಡ ಮೀನುಗಾರರ ಮಕ್ಕಳ ಸ್ನೇಹವಾಯಿತು. ಆ ಕಡೆಯ ಹುಡುಗಿಯೊಬ್ಬಳನ್ನು ಮೆಚ್ಚಿ ಕೇಳಿದ. ಆಕೆ ಒಲ್ಲೆ ಎಂದಳು.

ಬ್ರಿಟನಿಯ ಪೈಂಪೋಲ್ ಕೊಲ್ಲಿಯಿಂದ ಪ್ರತಿ ಫೆಬ್ರವರಿಯಲ್ಲಿ ಹಾಯಿಹಡಗುಗಳು ಐಸ್‌ಲ್ಯಾಂಡಿನ ಕಡೆ ಕಾಡ್ ಮೀನಿಗೆ ಹೊರಡುತ್ತಿದ್ದವು. ಬಲೆಯಲ್ಲ, ಕೈಗಾಳ. ಹಿಡಿದದ್ದಕ್ಕೆ ಅಲ್ಲೇ ಉಪ್ಪು. ಮನೆ ಕಾಣೋದು ಆಗಸ್ಟ್ ಕಳೆದ ಮೇಲೆ. 1852ರಿಂದ 1935ರವರೆಗೆ ಈ ದಂಧೆಯಲ್ಲಿ ಸುಮಾರು 120 ಹಡಗು, 2000 ಜನ ಹೋಗಿಬಿಟ್ಟರು.

1886ರಲ್ಲಿ ಬಂದ ‘ಐಸ್‌ಲ್ಯಾಂಡ್ ಮೀನುಗಾರ’ ಈ ಜನರದ್ದೇ ಕಥೆ. ಮದುವೆಯಾಗಿ ಆರೇ ದಿನಕ್ಕೆ ಯಾನ್ ಹಡಗು ಹತ್ತುತ್ತಾನೆ. ಉಳಿದವರೆಲ್ಲ ಬಂದರೂ ಅವನ ಹಡಗಿನ ಸುಳಿವಿಲ್ಲ. ಹೆಂಡತಿ ಗೋದ್ ದಡದಲ್ಲಿ ಕಾಯುತ್ತಲೇ ಇರುತ್ತಾಳೆ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. 1893ರಲ್ಲಿ ಚಿತ್ರಕಾರ ಎದ್ಮೊಂ ರುದೋ ಹಡಗು, ಬಂದರು, ಗುಡಿಸಲುಗಳನ್ನೆಲ್ಲ ಬರೆದುಕೊಟ್ಟ ಸಚಿತ್ರ ಮುದ್ರಣವೂ ಹೊರಬಂತು.

ಒಂದು ಕೊರತೆಯನ್ನೂ ಹೇಳಬೇಕು. ಹಡಗಿನ ಮಾಲೀಕರ ಲಾಭದ ಲೆಕ್ಕವನ್ನು ಲೋಟಿ ಕೆದಕಲು ಹೋಗಲಿಲ್ಲ. ತಪ್ಪನ್ನೆಲ್ಲ ಕಡಲಿನ ತಲೆಗೇ ಕಟ್ಟಿದ. ಆದರೂ ಕೂಲಿ ಮೀನುಗಾರನ ಮನೆಯ ಅಳುವನ್ನು ಪ್ಯಾರಿಸ್‌ನ ದೊಡ್ಡಮನೆಗಳವರೆಗೆ ಮುಟ್ಟಿಸಿದವನು ಅವನೇ.

1891ರಲ್ಲಿ ಫ್ರೆಂಚ್ ಅಕಾಡೆಮಿಯ ಚುನಾವಣೆಯಲ್ಲಿ ಘಟಾನುಘಟಿ ಎಮಿಲ್ ಜೋಲಾನನ್ನೇ ಹಿಂದೆ ಹಾಕಿ ಗೆದ್ದ. 1899-1900ರಲ್ಲಿ ಇಂಡಿಯಾ ಸುತ್ತಿ, ಅದರ ಮೇಲೂ ಒಂದು ಪುಸ್ತಕ ಬರೆದ.

1923ರ ಜೂನ್‌ನಲ್ಲಿ ಸತ್ತಾಗ ಸರ್ಕಾರಿ ಮರ್ಯಾದೆ ಸಿಕ್ಕಿತು. ಒಲೆರೋಂ ದ್ವೀಪದಲ್ಲಿ, ಹಿರಿಯರ ಮನೆಯ ಹಿತ್ತಲಲ್ಲಿ ಮಣ್ಣು ಮಾಡಿದರು. ಅಣ್ಣನಿಗೆ ಸಿಗದ ಆರಡಿ ನೆಲ ತಮ್ಮನಿಗೆ ಸಿಕ್ಕಿತು.

ಪೈಂಪೋಲ್ ಪಕ್ಕದ ಪ್ಲೂಬಜ್ಲಾನೆಕ್ ಊರಿನ ಸ್ಮಶಾನದಲ್ಲಿ ಒಂದು ಗೋಡೆಯಿದೆ. ಕಡಲಲ್ಲಿ ಕಾಣೆಯಾದವರ ಹೆಸರಿನ ಫಲಕಗಳು ಅದರ ಮೇಲೆ. ಕೆಳಗೆ ಯಾರ ಮೂಳೆಯೂ ಇಲ್ಲ. ಲೋಟಿಯ ಪುಸ್ತಕವೂ ಅಂಥದ್ದೇ ಒಂದು ಗೋಡೆ.