ಕೌಂಟೆಸ್ ಮಾರ್ಕೀವಿಚ್

ದೇಶದ ಬಿಡುಗಡೆಗಾಗಿ ಸೆರೆಮನೆಯನ್ನು ಸೇರುವಾಗ ಹೆಂಗಸರು ಬೇಕು. ರಾಜ್ಯಭಾರವು ಕೈಸೇರಿದ ಬಳಿಕ ಅವರು ಒಲೆಯ ಮುಂದೆ ಕುಳಿತಿದ್ದರೆ ಸಾಕು. ಈ ಬುದ್ಧಿಯು ಯಾವುದೊಂದು ದೇಶಕ್ಕೆ ಮಾತ್ರ ಸೇರಿದುದಲ್ಲ. ಐರ್ಲೆಂಡಿನಲ್ಲಿ ಅದು ನಡೆದ ಪರಿಯನ್ನು ಕೌಂಟೆಸ್ ಮಾರ್ಕೀವಿಚ್ ಎಂಬ ವೀರವನಿತೆಯ ಚರಿತ್ರೆಯಿಂದ ಅರಿಯಬಹುದು.

ಕಾನ್‌ಸ್ಟನ್ಸ್ ಗೋರ್-ಬೂತ್ ಎಂಬುದು ಈಕೆಯ ತವರಿನ ಹೆಸರು. 1868ರಲ್ಲಿ ಲಂಡನ್ನಿನಲ್ಲಿ ಜನಿಸಿ, ಐರ್ಲೆಂಡಿನ ಸ್ಲೈಗೋ ಪ್ರಾಂತದಲ್ಲಿದ್ದ ತಂದೆಯ ಜಮೀನ್ದಾರಿಯಲ್ಲಿ ಬೆಳೆದಳು. ಮನೆತನವು ಆಳುವವರ ಪಂಗಡದ್ದು. ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ನಿಂತು ಬಂದ ಕನ್ಯೆಯೀಕೆ. ಪ್ಯಾರಿಸಿನಲ್ಲಿ ಚಿತ್ರಕಲೆಯನ್ನು ಅಭ್ಯಸಿಸುತ್ತಿದ್ದಾಗ ಪರಿಚಿತನಾದ ಪೋಲಿಷ್ ಕಲಾವಿದನನ್ನು 1900ರಲ್ಲಿ ವರಿಸಿದಳು. 1908ರಲ್ಲಿ ಸಿನ್‌ಫೇನ್ ಪಕ್ಷವನ್ನು ಸೇರಿ, ಮರುವರ್ಷ ಐರಿಷ್ ಬಾಲಕರ ಸ್ವಯಂಸೇವಕದಳವನ್ನು ಕಟ್ಟಲು ನೆರವಾದಳು. 1913ರಲ್ಲಿ ಡಬ್ಲಿನ್ನಿನ ಮಾಲಿಕರು ಕೂಲಿಕಾರರನ್ನು ಕೆಲಸದಿಂದ ಹೊರಹಾಕಿದಾಗ, ಕಾರ್ಮಿಕಭವನದಲ್ಲಿ ಅಡಿಗೆಮನೆಯನ್ನು ತೆರೆದು ಹಸಿದವರಿಗೆ ಉಣಬಡಿಸಿದಳು. ಇಷ್ಟಕ್ಕೇ ನಿಂತಿದ್ದರೆ ಗಂಡಸರೆಲ್ಲರೂ ಆಕೆಯನ್ನು ಸಂತೋಷದಿಂದ ಹೊಗಳುತ್ತಿದ್ದರೆಂದು ನಮಗೆ ತೋರುತ್ತದೆ!

1916ರ ಈಸ್ಟರ್ ದಂಗೆಯಲ್ಲಿ ಈಕೆಯು ಬಂದೂಕು ಹಿಡಿದು, ಸೇಂಟ್ ಸ್ಟೀಫನ್ಸ್ ಗ್ರೀನ್ ಎಂಬಲ್ಲಿದ್ದ ತುಕಡಿಯ ಉಪನಾಯಕಿಯಾಗಿ ಕಾದಿದಳು. ನಾಯಕನಾದ ಮೈಕೆಲ್ ಮಾಲಿನ್ ಸರ್ಕಾರದವರ ಗುಂಡಿಗೆ ಆಹುತಿಯಾದನು. ಈಕೆಗೂ ಮರಣದಂಡನೆಯೇ ವಿಧಿಸಲ್ಪಟ್ಟಿತು. ಸ್ತ್ರೀಯೆಂಬ ಒಂದೇ ಕಾರಣದಿಂದ ಅದು ಆಜೀವ ಕಾರಾಗೃಹವಾಸವಾಗಿ ಮಾರ್ಪಟ್ಟಿತು. 1917ರಲ್ಲಿ ಬಿಡುಗಡೆಯಾಗಿ, 1918ರಲ್ಲಿ ಪುನಃ ಸೆರೆಯಲ್ಲಿದ್ದಾಗಲೇ ಬ್ರಿಟಿಷ್ ಪಾರ್ಲಿಮೆಂಟಿಗೆ ಚುನಾಯಿತಳಾದಳು. ಆ ಸಭೆಗೆ ಚುನಾಯಿತಳಾದ ಮೊದಲನೆಯ ಸ್ತ್ರೀಯು ಈಕೆಯೇ. ಆದರೆ ಸಿನ್‌ಫೇನರು ಲಂಡನ್ನಿಗೆ ಹೋಗದೆ ಡಬ್ಲಿನ್ನಿನಲ್ಲಿ ತಮ್ಮದೇ ಪ್ರಜಾಸಭೆಯನ್ನು ಕೂಡಿಸಿದರು. 1919ರಲ್ಲಿ ಅದರ ಕಾರ್ಮಿಕ ಮಂತ್ರಿಪದವಿಯು ಈಕೆಗೆ ಬಂದಿತು.

ಬ್ರಿಟನ್ನಿನೊಡನೆ 1921ರಲ್ಲಿ ಆದ ಒಡಂಬಡಿಕೆಯನ್ನು ಸಭೆಯ ಆರು ಮಂದಿ ಸ್ತ್ರೀಸದಸ್ಯರೂ ವಿರೋಧಿಸಿದರು. ಅವರಲ್ಲಿ ಒಬ್ಬಳಾದ ಈಕೆಯು ಪದವಿಯನ್ನು ತ್ಯಜಿಸಿದಳು. 1927ರ ಜುಲೈ 15ರಂದು ಡಬ್ಲಿನ್ನಿನ ಆಸ್ಪತ್ರೆಯೊಂದರ ಬಡರೋಗಿಗಳ ವಾರ್ಡಿನಲ್ಲಿ ದೇಹವನ್ನು ಬಿಟ್ಟಳು. ಸಮಾಧಿಯ ಬಳಿ ಡಿ ವೆಲೆರಾ ಭಾಷಣ ಮಾಡಿದನು.

ಅದೇ ವರ್ಷದ ಶಾಸನವು, ತಾವಾಗಿ ಅರ್ಜಿ ಕೊಟ್ಟವರನ್ನುಳಿದು, ಹೆಂಗಸರನ್ನು ಜ್ಯೂರಿಯಿಂದ ಹೊರಗಿಟ್ಟಿತು. ಮದುವೆಯಾದ ಹೆಂಗಸು ಸರ್ಕಾರದ ನೌಕರಿಯನ್ನು ಬಿಡಬೇಕೆಂಬ ನಿಬಂಧನೆಯು 1973ರವರೆಗೂ ಉಳಿಯಿತು. ಡಿ ವೆಲೆರಾನ ಆಡಳಿತದಲ್ಲಿ ರಚಿತವಾದ 1937ರ ರಾಜ್ಯಾಂಗವು ಮನೆಯೊಳಗಿನ ಸ್ತ್ರೀಯ ಬಾಳನ್ನು ಕೊಂಡಾಡಿತು. ಮಂತ್ರಿಮಂಡಲದಲ್ಲಿ ಮತ್ತೊಬ್ಬ ಸ್ತ್ರೀಗೆ ಪೀಠವು ದೊರೆತುದು, ಈಕೆಗೆ ದೊರೆತ 60 ವರ್ಷಗಳ ಮೇಲೆ, 1979ರಲ್ಲಿ.