ಗೋಧಿಯ ತುಕ್ಕಿನ ಜಾಡು ಹಿಡಿದ ಅಧ್ಯಾಪಕ ಕರಮಚಂದ್ ಮೆಹ್ತಾ

ಮೊಲೆಂನ ಗದ್ದೆಗಳಲ್ಲಿ ಬೆಳೆಯುವುದು ಭತ್ತ. ನಮ್ಮ ಮನೆಗಳ ಚಪಾತಿಗೆ ಬೇಕಾದ ಗೋಧಿ ಅನಮೋಡ ಘಟ್ಟದಾಚೆಯಿಂದ ಬರಬೇಕು. ಹಾಗಾಗಿ ಗೋಧಿಯ ತುಕ್ಕು ರೋಗವನ್ನು ನಮ್ಮ ಶಾಲೆಯ ಮಕ್ಕಳು ಕಂಡಿರಲಾರರು; ಧಾರವಾಡ, ಬೆಳಗಾವಿ ಕಡೆ ಹೊಲವುಳ್ಳ ಹಿರಿಯರು ಬಲ್ಲರು. ಎಲೆ, ಕಾಂಡಗಳ ಮೇಲೆ ಗುಳ್ಳೆಗಳೆದ್ದು ಒಡೆಯುತ್ತವೆ; ಮುಟ್ಟಿದರೆ ಬೆರಳಿಗೆ ತುಕ್ಕಿನಂಥ ಪುಡಿ ಹತ್ತುತ್ತದೆ; ಕಾಳು ಜೊಳ್ಳಾಗುತ್ತದೆ. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಾಣು. ಇದು ವರ್ಷವರ್ಷವೂ ಎಲ್ಲಿಂದ ಬರುತ್ತದೆಂಬುದರ ಹುಡುಕಾಟದಲ್ಲಿ ಬಾಳು ಸವೆಸಿದವರು ಪ್ರಾಧ್ಯಾಪಕ ಕರಮಚಂದ್ ಮೆಹ್ತಾ.

1894ರಲ್ಲಿ ಪಂಜಾಬಿನಲ್ಲಿ ಜನಿಸಿದ ಮೆಹ್ತಾ ಆಗ್ರಾ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದರು. ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ ಮರಳಿದ ಮೇಲೂ ಅವರ ಕರ್ಮಭೂಮಿ ಆಗ್ರಾವೇ ಆಯಿತು.

ಯುರೋಪು, ಅಮೆರಿಕಗಳಲ್ಲಿ ಕಪ್ಪು ತುಕ್ಕಿಗೆ ಬಾರ್ಬೆರಿ ಎಂಬ ಮುಳ್ಳುಪೊದೆ ಆಶ್ರಯ ಕೊಡುತ್ತದೆ. ನಮ್ಮ ನಾಡಿನಲ್ಲಿ ರೋಗ ಹರಡಲು ಆ ಪೊದೆ ಕಾರಣವಲ್ಲವೆಂದು ಮೆಹ್ತಾ ಕಂಡುಕೊಂಡರು. ಬಯಲಿನ ಬೇಸಿಗೆಯ ಬಿಸಿಲಿಗೆ ಬೀಜಾಣುಗಳು ಸಾಯುತ್ತವೆ. ಹಾಗಿದ್ದರೆ ಮುಂದಿನ ಬೆಳೆಗೆ ರೋಗ ತಗಲುವುದು ಹೇಗೆ? ಶಿಮ್ಲಾ, ಅಲ್ಮೋರಗಳಲ್ಲಿ ಪ್ರಯೋಗಾಲಯಗಳನ್ನು ನಡೆಸಿ ಅವರು ಉತ್ತರ ಕಂಡುಕೊಂಡರು. ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟಗಳ ತಂಪಿನಲ್ಲಿ, ಅಕಾಲದ ಬೆಳೆಯ ಮೇಲೂ ತಾನಾಗಿ ಮೊಳೆತ ಗಿಡಗಳ ಮೇಲೂ ತುಕ್ಕು ಬದುಕಿರುತ್ತದೆ. ಗಾಳಿಯೇರಿ ಬಯಲಿಗೆ ಮರಳುತ್ತದೆ.

ಅವರ ಎರಡನೆಯ ದುಡಿಮೆ ಇನ್ನೂ ಸೂಕ್ಷ್ಮವಾದದ್ದು. ಒಂದೇ ತುಕ್ಕಿನಲ್ಲಿ ಹಲವು ಪ್ರಭೇದಗಳಿವೆ. ಸೂಕ್ಷ್ಮದರ್ಶಕಕ್ಕೆ ಅವೆಲ್ಲವೂ ಒಂದೇ. ಗೊತ್ತುಪಡಿಸಿದ ಗೋಧಿ ತಳಿಗಳಿಗೆ ರೋಗ ತಗಲಿಸಿ, ಯಾವುದು ಮಣಿಯಿತು, ಯಾವುದು ತಡೆಯಿತು ಎಂದು ನೋಡಿಯೇ ಅವುಗಳನ್ನು ಬೇರ್ಪಡಿಸಬೇಕು. ಕಪ್ಪು ತುಕ್ಕನ್ನು ಒರೆಹಚ್ಚಲು ಜಗತ್ತಿನೆಲ್ಲೆಡೆ ಬಳಸಿದ ಹನ್ನೆರಡು ತಳಿಗಳಲ್ಲಿ ಖಪಲಿಯೂ ಒಂದು. ಉತ್ತರ ಕರ್ನಾಟಕದವರು ಜವೆಗೋಧಿ ಎನ್ನುವುದು ಇದೇ ಜಾತಿಯನ್ನು. ಇಂದು ರೋಗ ತಡೆಯುವ ತಳಿ ನಾಳೆ ಹೊಸ ಪ್ರಭೇದದೆದುರು ಸೋಲಬಹುದು ಎಂಬ ಎಚ್ಚರ ಈ ಕೆಲಸದಿಂದ ಬಂತು.

ಬೆಟ್ಟಗಳಲ್ಲಿ ಅಕಾಲದ ಗೋಧಿಯನ್ನು ನಿಲ್ಲಿಸಬೇಕೆಂಬುದು ಮೆಹ್ತಾ ಅವರ ಸಲಹೆ. ಆದರೆ ಆ ಬೆಳೆ ಬೆಟ್ಟದ ರೈತನ ಅನ್ನ. ಬಯಲಿನವರ ಒಳಿತಿಗಾಗಿ ಅವನು ಅದನ್ನು ಬಿಡುವುದು ಸುಲಭವಾಗಿರಲಿಲ್ಲ. 1946–47ರಲ್ಲಿ ಮಧ್ಯ ಭಾರತದ ಗೋಧಿ ಕಪ್ಪು ತುಕ್ಕಿಗೆ ಆಹುತಿಯಾಯಿತು. ಅನ್ನದ ಅಭಾವವಿದ್ದ ಕಾಲದಲ್ಲಿ ಅದು ದೊಡ್ಡ ಪೆಟ್ಟು.

1950ರಲ್ಲಿ ಮೆಹ್ತಾ ತೀರಿಕೊಂಡರು. ಅವರ ಸಂಶೋಧನಾ ಗ್ರಂಥದ ಎರಡನೆಯ ಭಾಗ ಹೊರಬಂದದ್ದು 1952ರಲ್ಲಿ. ಕಪ್ಪು ತುಕ್ಕು ಮುಖ್ಯವಾಗಿ ದಕ್ಷಿಣದ ಬೆಟ್ಟಗಳಿಂದಲೇ ಹರಡುತ್ತದೆಂದು ನಂತರದ ವಿಜ್ಞಾನಿಗಳು ಅವರ ವಿವರಣೆಯನ್ನು ತಿದ್ದಿದರು. ಶಿಮ್ಲಾದ ಫ್ಲವರ್‌ಡೇಲ್ ಕೇಂದ್ರದಲ್ಲಿ ತುಕ್ಕಿನ ಪ್ರಭೇದಗಳ ಲೆಕ್ಕ ಇಂದಿಗೂ ನಡೆಯುತ್ತಿದೆ.

ಶತ್ರು ಹಲವು ರೂಪದಲ್ಲಿ ಬರುವಾಗ ಹೊಲದ ತುಂಬ ಒಂದೇ ತಳಿಯನ್ನು ನಂಬಿ ಕೂರುವುದು ಅಪಾಯ. ರಜೆಗೆ ಘಟ್ಟ ಹತ್ತಿ ಊರಿಗೆ ಹೋಗುವ ಮಕ್ಕಳು ಅಜ್ಜನನ್ನು ಒಂದು ಮಾತು ಕೇಳಿ ಬರಲಿ: ನಮ್ಮ ಹೊಲದಲ್ಲಿ ಜವೆಗೋಧಿಯ ಬೀಜ ಇನ್ನೂ ಉಳಿದಿದೆಯೇ? ಉಳಿದಿದ್ದರೆ ಒಂದು ಹಿಡಿ ತರಗತಿಗೂ ತರಲಿ. ನಾವು ಎಲ್ಲರಿಗೂ ತೋರಿಸುತ್ತೇವೆ.