ಸವಾಯಿ ಗಂಧರ್ವರು

ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಪುಣೆಯಲ್ಲಿ ನಡೆಯುವ ಸವಾಯಿ ಗಂಧರ್ವ ಸಂಗೀತ ಮಹೋತ್ಸವದ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಆದರೆ ಆ ಗಾಯಕರು ಕನ್ನಡ ನಾಡಿನವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಅವರ ನಿಜನಾಮ ರಾಮಚಂದ್ರ ಗಣೇಶ ಕುಂದಗೋಳಕರ. 1886ರಲ್ಲಿ ಹುಬ್ಬಳ್ಳಿಯ ಸಮೀಪದ ಕುಂದಗೋಳ ಸೀಮೆಯಲ್ಲಿ ಜನಿಸಿದರು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಮಖಾನರ ಗಾಯನಕ್ಕೆ ಮರುಳಾಗಿ ಬಾಲಕ ರಾಮಭಾವು ಅವರ ಶಿಷ್ಯನಾದನು. ಎಂಟು ವರ್ಷ ತಮ್ಮಲ್ಲಿಯೇ ಇದ್ದು ಕಲಿಯಬೇಕೆಂದು ಖಾನಸಾಹೇಬರು ಕರಾರು ಹಾಕಿದರಂತೆ. ಒಂದೊಂದು ಸ್ವರವನ್ನೂ ತಂಬೂರಿಯ ನಾದದಲ್ಲಿ ಕರಗಿಸಿ ರಾಗವನ್ನು ಮೆಲ್ಲಮೆಲ್ಲನೆ ಅರಳಿಸುವುದು ಆ ಘರಾಣೆಯ ಕ್ರಮ. ಅವಸರದವರಿಗೆ ಒಲಿಯುವ ವಿದ್ಯೆಯಲ್ಲ. ಅಷ್ಟರಲ್ಲಿ ಪ್ರಾಯ ಬಂದು ಹುಡುಗನ ಮಧುರ ಕಂಠವೇ ಒಡೆದು ಗಡುಸಾಯಿತು. ಹಾಡುವವನಿಗೆ ಇದಕ್ಕಿಂತ ದೊಡ್ಡ ಕಷ್ಟ ಯಾವುದು? ರಾಮಭಾವು ಹಟ ಬಿಡಲಿಲ್ಲ. ಹಗಲಿರುಳು ಸಾಧನೆಮಾಡಿ ಒಲ್ಲದ ಕಂಠವನ್ನು ಒಲಿಸಿಕೊಂಡರು. ಕೊನೆಯವರೆಗೂ ಅವರ ದನಿ ಕೂಡಲೇ ಬಿಚ್ಚಿಕೊಳ್ಳುತ್ತಿರಲಿಲ್ಲ. ಕೆಲಹೊತ್ತು ಹಾಡಿದಮೇಲೆ ಕಳೆಯೇರುತ್ತಿತ್ತು.

ಮುಂದೆ ಅವರು ಮರಾಠಿ ನಾಟಕ ಮಂಡಳಿಯನ್ನು ಸೇರಿದರು. ಇದು ಗುರುಗಳಿಗೆ ಹಿಡಿಸಲಿಲ್ಲ. ಆದರೆ ಸುಭದ್ರೆ ಮೊದಲಾದ ಸ್ತ್ರೀಪಾತ್ರಗಳಲ್ಲಿ ಕನ್ನಡದ ಈ ತರುಣನು ಮಹಾರಾಷ್ಟ್ರವನ್ನೇ ಗೆದ್ದನು. ಬಾಲಗಂಧರ್ವರ ಕೀರ್ತಿ ಮೆರೆಯುತ್ತಿದ್ದ ಆ ಕಾಲದಲ್ಲಿಯೇ ರಸಿಕರು ಇವರನ್ನು ಸವಾಯಿ ಗಂಧರ್ವರೆಂದರು. ಸವಾಯಿ ಎಂದರೆ ಒಂದೂಕಾಲು!

ರಂಗಭೂಮಿಯನ್ನು ಬಿಟ್ಟ ಮೇಲೆ ಕುಂದಗೋಳವೇ ಗುರುಕುಲವಾಯಿತು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬಂದು ಪಾಠ ಕಲಿತರು. ಗದಗಿನ ಭೀಮಸೇನ ಜೋಶಿ ಗುರುಗೃಹಕ್ಕೆ ನೀರು ಹೊತ್ತು, ಸೇವೆಮಾಡಿ ವಿದ್ಯೆ ಪಡೆದರು. ಬಸವರಾಜ ರಾಜಗುರುಗಳಿಗೂ, ಮುಂಬಯಿಯ ಫಿರೋಜ್ ದಸ್ತೂರರಿಗೂ ಅವರ ಪಾಠ ದೊರೆಯಿತು. ತಮ್ಮ ಕಂಠಕ್ಕಾಗಿ ಅಷ್ಟೊಂದು ಬಳಲಿದವರಾದ್ದರಿಂದಲೇ ಏನೋ, ಒಂದೇ ಪಲುಕನ್ನು ಶಿಷ್ಯರಿಂದ ಮತ್ತೆಮತ್ತೆ ಹೇಳಿಸಲು ಅವರಿಗೆ ಬೇಸರವಿರಲಿಲ್ಲ.

1942ರ ಸುಮಾರಿಗೆ ಪಾರ್ಶ್ವವಾಯು ಬಡಿದು ಗಾಯನ ನಿಂತಿತು. ಗೆದ್ದುಕೊಂಡ ಕಂಠ ಹೀಗೆ ಎರಡನೆಯ ಸಲ ಕೈಬಿಟ್ಟಿತು. 1952ರಲ್ಲಿ ಇದೇ ಪುಣೆಯಲ್ಲಿ ಅವರು ದೇಹವಿಟ್ಟರು.

ಮರುವರ್ಷ ಪುಣ್ಯತಿಥಿಯ ನಿಮಿತ್ತವಾಗಿ ಶಿಷ್ಯರು ಇಲ್ಲಿ ಸಂಗೀತಸೇವೆಯನ್ನು ಆರಂಭಿಸಿದರು. ಭೀಮಸೇನರು ಅದನ್ನು ದಶಕಗಳ ಕಾಲ ಮುನ್ನಡೆಸಿ ಬೆಳೆಸಿದರು. 2011ರಲ್ಲಿ ಅವರು ತೀರಿಕೊಂಡ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನೊಡನೆ ಶಿಷ್ಯನ ಹೆಸರೂ ಸೇರಿತು. ಎಲ್ಲ ಕಲಾವಿದರ ಗಾಯನವಾದನ ಮುಗಿದ ಮೇಲೆ ಸವಾಯಿ ಗಂಧರ್ವರದೇ ಹಳೆಯ ಧ್ವನಿಮುದ್ರಿಕೆಯೊಂದನ್ನು ಕೇಳಿಸಿ ಉತ್ಸವವನ್ನು ಮುಗಿಸುವ ವಾಡಿಕೆ ನಡೆದುಬಂದಿದೆ.